ಕಾಂತಿಯ ನಾಲ್ಕು ನೋಟುಬುಕ್ಕುಗಳು ಮತ್ತು ನೀವು ಬರೆಯದ ಒಂದು ಸಾಲು

ಮಾನ್ಯ ಕುಲಸಚಿವರೇ,

ನನ್ನ ಮಗಳು ಕಾಂತಿ ನಿಮ್ಮ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ರಷ್ಯನ್ ಭಾಷೆ ಕಲಿತಳು. ನಿಮ್ಮ ವಿಭಾಗ ಬರೆಯಲು ಹೇಳಿದ್ದನ್ನು ನಾಲ್ಕು ನೋಟುಬುಕ್ಕುಗಳಲ್ಲಿ ಬರೆದು ನಿಮ್ಮ ವಿಭಾಗಕ್ಕೇ ಒಪ್ಪಿಸಿದಳು. ನಿಮ್ಮ ಕಚೇರಿ ಆ ನಾಲ್ಕನ್ನೂ ಸೀಲು ಹಾಕಿದ ಕವರಿನಲ್ಲಿಟ್ಟು ಪೊಲೀಸರಿಗೆ ಕೊಟ್ಟಿತು. ‘ಇದು ನಾವೇ ಕೊಟ್ಟ ಪಾಠ’ ಎಂಬ ಒಂದು ಸಾಲನ್ನು ಮಾತ್ರ ಬರೆಯಲಿಲ್ಲ. ಆ ಸಾಲಿಗಾಗಿ ಓಡಾಡುತ್ತಿದ್ದಾಗಲೇ, 2004ರ ಜುಲೈಯಲ್ಲಿ, ಅವಳು ತೀರಿಕೊಂಡಳು. ಈಗ ನಾಲ್ಕು ವರ್ಷವಾಯಿತು. ಆ ಸಾಲು ಇನ್ನೂ ಬಂದಿಲ್ಲ.

ನಾನು ಬೀಡಿ ಕಟ್ಟುವವಳು. ಏಳನೆಯ ತರಗತಿಯವರೆಗೆ ಓದಿದ್ದೇನೆ. ನಿಮ್ಮಂಥವರಿಗೆ ಎಲ್ಲರೂ ಓದುವ ಹಾಗೆ ಕಾಗದ ಬರೆಯುವ ಧೈರ್ಯ ನನಗೆ ಇರಲಿಲ್ಲ. ಕಳೆದ ವಾರ ಆ ಧೈರ್ಯವನ್ನು ನೀವೇ ಕಳಿಸಿಕೊಟ್ಟಿರಿ. ವಿದೇಶಿ ಭಾಷೆ ಮತ್ತು ಸಂಸ್ಕೃತಿಗಳ ಅಧ್ಯಯನಕ್ಕೆ ನಿಮ್ಮ ವಿಶ್ವವಿದ್ಯಾನಿಲಯ ಈ ವರ್ಷ ಮೂಡುಬಿದಿರೆಯಲ್ಲಿ ಒಂದು ಕೇಂದ್ರ ತೆರೆಯುತ್ತದೆ ಎಂಬ ಪ್ರಕಟಣೆ ಪತ್ರಿಕೆಯಲ್ಲಿ ಬಂತು. ‘ಜಗತ್ತಿನ ಬಾಗಿಲು ಇನ್ನು ನಿಮ್ಮ ಊರಿನಲ್ಲಿ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೀರಿ. ಬಾಗಿಲು ತೆರೆಯುವುದು ಒಳ್ಳೆಯದೇ. ಒಳಗೆ ಹೋದವರ ಹೆಸರುಗಳನ್ನು ಬರೆದುಕೊಂಡು ಯಾರ ಕೈಗೆ ಕೊಡುತ್ತೀರಿ ಎಂಬುದನ್ನೂ ಅದೇ ದಪ್ಪ ಅಕ್ಷರದಲ್ಲಿ ಬರೆಸಬಹುದಿತ್ತು. ಪ್ರಕಟಣೆಯ ಕೆಳಗಿರುವ ಹೆಸರು ನಾನು ಮೊದಲೂ ಒಂದು ಕಾಗದದಲ್ಲಿ ನೋಡಿದ್ದೇ. ನಡುವೆ ನೀವು ಬೇರೆ ಕಡೆ ಹೋಗಿದ್ದಿರಂತೆ, ಈಗ ಮತ್ತೆ ಅದೇ ಕುರ್ಚಿಗೆ ಬಂದಿದ್ದೀರಂತೆ. ಹಾಗಾಗಿ ಇದು ನಿಮಗೆ ಮರೆತಿದ್ದರೆ ನೆನಪು ಮಾಡುವುದು ನನ್ನ ಕೆಲಸ.

ಅಳದಂಗಡಿಯಿಂದ ಮೇಲೆ, ಬಸ್ಸು ತಿರುಗುವ ಜಾಗದಿಂದ ಇನ್ನೂ ನಾಲ್ಕು ಮೈಲಿ ನಡೆದರೆ ಗುಡ್ಡೆಯ ಬುಡದ ಕೊನೆಯ ಮನೆ ನಮ್ಮದು. ಅದರಾಚೆ ಕಾಡು. ಕಾಡಿನಲ್ಲಿ ಬಂದೂಕು ಹಿಡಿದವರು ತಿರುಗುತ್ತಾರೆ ಎಂದು ಆ ವರ್ಷಗಳಲ್ಲಿ ಎಲ್ಲರೂ ಹೇಳುತ್ತಿದ್ದರು. ನಾವು ಅವರನ್ನು ಒಂದು ದಿನವೂ ಕಂಡಿಲ್ಲ. ಅವರನ್ನು ಹುಡುಕುವವರನ್ನು ಮಾತ್ರ ದಿನಾ ಕಂಡೆವು.

ನಾವು ಮನೆಯಲ್ಲಿ ತುಳು ಮಾತಾಡುವವರು. ಕನ್ನಡವನ್ನು ಶಾಲೆಯಲ್ಲಿ, ಬೆತ್ತದ ಭಯದಲ್ಲಿ ಕಲಿತದ್ದು. ನಾನು ಶಾಲೆ ಬಿಡುವ ದಿನ ನಮ್ಮ ಟೀಚರು, ‘ಸೇಸಮ್ಮ, ದಿನಕ್ಕೆ ನಾಲ್ಕು ಸಾಲು ಬರಿ, ಇಲ್ಲದಿದ್ದರೆ ಅಕ್ಷರ ಕೈ ಬಿಟ್ಟು ಹೋಗ್ತದೆ’ ಎಂದು ಹೇಳಿದರು. ಅಂದಿನಿಂದ ಬರೆಯುತ್ತಿದ್ದೇನೆ. ಮಳೆ ಬಂತು, ದನ ಕರು ಹಾಕಿತು, ಎಲೆ ಕೆಟ್ಟದಿತ್ತು, ಬೀಡಿ ತಿರಸ್ಕಾರವಾಯಿತು, ಇಂಥದ್ದೇ. ಅದರಲ್ಲಿ ಒಂದು ಕ್ರಮ ಉಂಟು: ನಾನು ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ. ಬದುಕಿರುವವರ ಹೆಸರನ್ನು ದಿನಾ ಪುಸ್ತಕದಲ್ಲಿ ಬರೆದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ, ಪುಸ್ತಕವೆಂದರೆ ಹೆದರಿಕೆ. ನಾನು ಓದಿದವಳು, ಆದರೂ ಆ ಮಾತನ್ನು ಮೀರಲಿಲ್ಲ. ಗಂಡ ಧರ್ಣಪ್ಪನನ್ನು ‘ಅವರು’ ಎಂದು ಬರೆಯುತ್ತಿದ್ದೆ. ಪಕ್ಕದವರನ್ನು ‘ಮೇಲಿನ ಮನೆಯವರು’ ಎಂದು, ಗೆಳತಿ ನಫೀಸಮ್ಮನನ್ನು ‘ಹೊಳೆಯಾಚೆಯವಳು’ ಎಂದು. ಕಾಂತಿಯನ್ನು ‘ಮಗಳು’ ಎಂದು. ಇದು ಮುಂದೆ ಒಂದು ಅಪರಾಧವಾಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಕಾಂತಿಗೆ ರಷ್ಯನ್ ಹುಚ್ಚು ಹತ್ತಿದ್ದು ಎರಡನೆಯ ತರಗತಿಯಲ್ಲಿ. ಆಗೆಲ್ಲ ಆ ದೇಶದ ನುಣುಪು ಕಾಗದದ ಪತ್ರಿಕೆಗಳು ರದ್ದಿಯಲ್ಲಿ ಸಿಗುತ್ತಿದ್ದವು, ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕುವುದಕ್ಕೆ ಅದರಷ್ಟು ಗಟ್ಟಿ ಬೇರೆ ಇಲ್ಲ. ಅವಳ ಗಣಿತ ಪುಸ್ತಕದ ಬೈಂಡಿನಲ್ಲಿ ಹಿಮದ ನಡುವೆ ಒಂದು ಅಂಗಡಿಯ ಚಿತ್ರವಿತ್ತು, ಅಂಗಡಿಯ ಬೋರ್ಡಿನಲ್ಲಿ ಯಾರಿಗೂ ಓದಲು ಬಾರದ ಐದು ಅಕ್ಷರ. ಒಂದು ವರ್ಷವಿಡೀ ಅವಳು ಲೆಕ್ಕ ಮಾಡುವ ಬದಲು ಆ ಐದು ಅಕ್ಷರ ನೋಡಿದಳು. ಉಜಿರೆಯಲ್ಲಿ ಬಿ.ಎ. ಮುಗಿಸಿ ಘಟ್ಟದ ಮೇಲೆ ನಿಮ್ಮಲ್ಲಿಗೆ ಹೋಗುತ್ತೇನೆ ಎಂದಾಗ ಅವಳ ಅಪ್ಪ ನಕ್ಕರು.

‘ರಷ್ಯನ್ ಕಲಿತು ಯಾರತ್ರ ಮಾತಾಡ್ತಿ ಮಾರಾಯ್ತಿ? ಇಲ್ಲಿ ದನಕ್ಕೂ ತುಳುವೇ ಬರುವುದು.’

‘ಹಾಗಾದ್ರೆ ದನಕ್ಕೇ ಮೊದಲು ಕಲಿಸ್ತೇನೆ ಅಪ್ಪ.’

ಕಲಿಸಿದಳು ಕೂಡ. ರಜೆಯಲ್ಲಿ ಬಂದಾಗ ‘ಬಾ’ ಎನ್ನುವುದನ್ನು ಆ ಭಾಷೆಯಲ್ಲಿ ಹೇಳಿ ಹುಲ್ಲು ಹಾಕುತ್ತಿದ್ದಳು, ಆ ದನ ಕಿವಿ ಎತ್ತಿ ಬರುತ್ತಿತ್ತು. ಆ ಅಂಗಡಿಯ ಬೋರ್ಡನ್ನೂ ಓದಿದಳು. ‘ಏನಂತೆ?’ ಎಂದು ಆಸೆಯಿಂದ ಕೇಳಿದೆ. ‘ಚಪ್ಪಲಿ ಅಂಗಡಿ ಅಮ್ಮ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹದಿಮೂರು ವರ್ಷ ಕಾದದ್ದು ಚಪ್ಪಲಿ ಅಂಗಡಿಗೆ. ಅವಳಿಗೆ ಅದರಿಂದ ಬೇಸರವಾಗಲಿಲ್ಲ, ಖುಷಿಯೇ ಆಯಿತು. ಅಲ್ಲಿಯವರಿಗೂ ಚಪ್ಪಲಿ ಸವೆಯುತ್ತದೆ ಎಂದು ಗೊತ್ತಾದರೆ ಸಾಕು, ಉಳಿದದ್ದು ವ್ಯಾಕರಣ ಎಂದಳು. ನಿಮ್ಮ ಪ್ರಕಟಣೆಯಲ್ಲಿ ‘ಸಂಸ್ಕೃತಿಗಳ ಅಧ್ಯಯನ’ ಎಂದು ಉಂಟಲ್ಲ, ನನಗೆ ಅದರ ಅರ್ಥ ಗೊತ್ತಾದದ್ದು ಹಾಗೆ.

ಎರಡನೆಯ ವರ್ಷ ನಿಮ್ಮ ವಿಭಾಗದ ಟೀಚರು ಆರು ವಿದ್ಯಾರ್ಥಿಗಳಿಗೂ ಒಂದು ಪಾಠ ಕೊಟ್ಟರು: ನಿಮ್ಮ ಊರಿನವರು ಬರೆದದ್ದನ್ನು ನೂರು ಪುಟಕ್ಕೆ ಕಡಿಮೆ ಇಲ್ಲದೆ ರಷ್ಯನ್‌ಗೆ ಅನುವಾದ ಮಾಡಿ ತನ್ನಿ. ಬೇರೆಯವರು ಕತೆ ಪುಸ್ತಕ ಹುಡುಕಿದರು. ಕಾಂತಿ ನನ್ನ 1999ರ ಡೈರಿ ಕೇಳಿದಳು. ನನಗೆ ನಾಚಿಕೆಯಾಯಿತು, ಒಳಗೊಳಗೆ ಹೆಮ್ಮೆಯೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಾನು ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆ, ಅವಳು ಎದುರು ಕುಳಿತು ಬರೆಯುತ್ತಿದ್ದಳು.

‘ಅಮ್ಮ, ಇದರಲ್ಲಿ ಒಬ್ಬರ ಹೆಸರೂ ಇಲ್ಲ. ಟೀಚರಿಗೆ ಗೊತ್ತಾಗ್ಲಿಕ್ಕಿಲ್ಲ. ನಾನು ಹೆಸರು ಹಾಕ್ತೇನೆ.’

‘ಬೇಡ. ಇದ್ದ ಹಾಗೆ ಬರಿ. ಹೆಸರು ಸೇರಿಸಬೇಡ.’

ಅವಳು ನನ್ನ ಮಾತು ಕೇಳಿದಳು. ಈ ಪತ್ರದಲ್ಲಿ ನಿಮ್ಮ ತಪ್ಪುಗಳನ್ನೇ ಬರೆಯುತ್ತಿದ್ದೇನೆ, ಆದರೆ ನನ್ನದನ್ನೂ ಬರೆಯಬೇಕು. ಹೆಸರು ಬೇಡ ಎಂದ ಆ ಮಾತು ನನ್ನದು.

2004ರ ಮಾರ್ಚಿನಲ್ಲಿ ನೀವು ವಿಭಾಗವನ್ನೇ ಮುಚ್ಚಿದಿರಿ. ವಿದ್ಯಾರ್ಥಿಗಳು ಸಾಲದು ಎಂದು ಕಾರಣ ಕೊಟ್ಟಿರಿ. ಟೀಚರು ತಾತ್ಕಾಲಿಕ ನೇಮಕದವರು, ಹೊರಟು ಹೋದರು. ಅದೇ ಸಮಯಕ್ಕೆ ವಿದೇಶಿ ಭಾಷೆ ಕಲಿಯುವವರ ಪಟ್ಟಿ ಬೇಕು ಎಂದು ಪೊಲೀಸರು ಕೇಳಿದರು, ನೀವು ಕೊಟ್ಟಿರಿ. ಕೇಳಿದವರಿಗೆ ಇಲ್ಲ ಎನ್ನಲು ನಿಮಗೆ ಆಗಲಿಕ್ಕಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಪಟ್ಟಿಯಲ್ಲಿ ಕಾಡಿನ ಪಕ್ಕದ ಊರು ಒಂದೇ ಇತ್ತು. ಆ ಊರಿನವಳ ನೋಟುಬುಕ್ಕುಗಳನ್ನು ಯಾರು ಹುಡುಕಿ ತೆಗೆದರು? ‘ವಿದ್ಯಾರ್ಥಿನಿಯ ಖಾಸಗಿ ಬರಹಗಳು’ ಎಂದು ಕವರಿನೊಳಗಿನ ಕಾಗದದಲ್ಲಿ ಯಾರು ಟೈಪ್ ಮಾಡಿಸಿದರು? ಪ್ರತಿ ಪುಟದಲ್ಲೂ ಟೀಚರು ಕೆಂಪು ಶಾಯಿಯಲ್ಲಿ ತಿದ್ದಿದ್ದರು, ಕೊನೆಯ ಪುಟದಲ್ಲಿ ಅಂಕ ಹಾಕಿ ಸಹಿ ಮಾಡಿದ್ದರು. ಖಾಸಗಿ ಬರಹಕ್ಕೆ ನೂರಕ್ಕೆ ಎಂಬತ್ತೊಂದು ಅಂಕ ಕೊಡುವ ಪದ್ಧತಿ ನಿಮ್ಮಲ್ಲಿ ಉಂಟೇ?

ಮೇ ತಿಂಗಳಲ್ಲಿ ಬೋರ್ಡು ಇಲ್ಲದ ಒಂದು ಜೀಪು ಬಸ್ಸು ತಿರುಗುವಲ್ಲಿ ಬಂದು ನಿಂತಿತು. ಅದರಲ್ಲಿದ್ದವರು ಯಾರನ್ನೂ ಏನೂ ಕೇಳಲಿಲ್ಲ. ಮರುದಿನವೂ ನಿಂತಿತು. ಮೂರನೆಯ ದಿನದಿಂದ ಮೇಲಿನ ಮನೆಯವರು ಮಜ್ಜಿಗೆ ಕೇಳಿಕೊಂಡು ಬರುವುದನ್ನು ನಿಲ್ಲಿಸಿದರು. ಐದನೆಯ ದಿನ ಕಾಂತಿಗೆ ಕಚೇರಿಗೆ ಬರಬೇಕೆಂದು ಚೀಟಿ ಬಂತು. ಯಾವ ಕಚೇರಿ ಎಂದು ಬರೆಯುವುದಿಲ್ಲ. ನಾನೂ ಜೊತೆಗೆ ಹೋದೆ.

ಮೇಜಿನ ಮೇಲೆ ನಿಮ್ಮ ಸೀಲಿನ ಕವರು ಇತ್ತು. ಅಲ್ಲಿ ಯಾರಿಗೂ ರಷ್ಯನ್ ಬರುವುದಿಲ್ಲ. ಯಾವುದೋ ಪೇಟೆಯ ಯಾರಿಗೋ ಕಳಿಸಿ ಹನ್ನೆರಡು ಪುಟ ಇಂಗ್ಲಿಷ್ ಮಾಡಿಸಿ, ಅದನ್ನು ಕನ್ನಡ ಮಾಡಿಸಿದ್ದರು. ಅಧಿಕಾರಿ ಓದತೊಡಗಿದರು.

‘“ಇವತ್ತು ಒಂಬತ್ತು ಜನ ಬಂದರು. ಊಟ ಕೊಟ್ಟೆ. ಕತ್ತಿಗಳನ್ನು ಹರಿತ ಮಾಡಿಕೊಂಡರು. ಬೆಳಿಗ್ಗೆ ಬೇಗ ಗುಡ್ಡ ಹತ್ತಿದರು.” ಯಾರಮ್ಮ ಇವರು?’

ಮಾನ್ಯರೇ, ಆಗ ನನಗಾದದ್ದನ್ನು ಹೇಗೆ ಹೇಳಲಿ? ನನ್ನದೇ ಮಾತು ನಾಲ್ಕು ಕೈ ದಾಟಿ ಬಂದು ನನ್ನನ್ನೇ ಗುರುತಿಸದೆ ಎದುರು ನಿಂತಿತ್ತು. ನನ್ನ ಅಂಗಳ, ನನ್ನ ಗಂಜಿ, ನನ್ನ ಗುಡ್ಡೆ. ಕೇಳಿದರೆ ನನಗೇ ಹೆದರಿಕೆಯಾಗುವ ಹಾಗೆ ಇತ್ತು.

‘ಸೊಪ್ಪು ಕಡಿಯಲಿಕ್ಕೆ ಬಂದವರು ಸಾರ್. ಗದ್ದೆಯ ಗೊಬ್ಬರಕ್ಕೆ. ಪ್ರತಿ ವರ್ಷ ಬರ್ತಾರೆ, ಕೊನೆಯ ಮನೆ ಅಂತ ನಮ್ಮಲ್ಲಿ ಊಟ. ಒಂಬತ್ತರಲ್ಲಿ ಒಂದು ಪೂವಮ್ಮನ ಮೂರು ವರ್ಷದ ಮಗು.’

‘“ಅವರು ಕೋವಿ ತಂದರು. ಇನ್ನು ಧೈರ್ಯ.” ಇದಕ್ಕೇನು ಹೇಳ್ತೀರಿ?’

‘ಅದು ನಿಮ್ಮ ಠಾಣೆಯಿಂದಲೇ ತಂದದ್ದು ಸಾರ್. ಹಂದಿ ಓಡಿಸುವ ಲೈಸನ್ಸ್ ಕೋವಿ. ಎಲೆಕ್ಷನ್ ಬಂದಾಗ ನೀವೇ ಇಡಿಸ್ಕೊಳ್ತೀರಿ, ಮುಗಿದ ಮೇಲೆ ಕೊಡ್ತೀರಿ. ರಶೀದಿ ಮನೆಯಲ್ಲುಂಟು.’

ಹಿಂದೆ ನಿಂತಿದ್ದ ಪೊಲೀಸು ನಕ್ಕುಬಿಟ್ಟ. ‘ನಗ್ಬೇಡ್ರೀ’ ಎಂದು ಅಧಿಕಾರಿ ಗದರಿದರು. ಆಮೇಲೆ ನಿಧಾನವಾಗಿ ಹೇಳಿದರು:

‘ಎಲ್ಲಾ ಸರಿ. ಆದ್ರೆ ನೂರಾರು ಪುಟದಲ್ಲಿ ಒಂದು ಹೆಸರೂ ಇಲ್ಲ. ಹೊಳೆಯಾಚೆಯವಳು, ಮೇಲಿನವರು, ಅವರು. ಇದು ಡೈರಿ ಬರೆಯೋ ರೀತಿನಾ? ಗುಪ್ತ ಹೆಸರು ಇಟ್ಕೊಂಡು ಬರೆಯೋರು ಯಾರು ಗೊತ್ತಾ ನಿಮಗೆ? ಕೆಂಪು ಗೆರೆ ಬೇರೆ ಹಾಕಿದ್ದಾರೆ, ಮುಖ್ಯವಾದ ಜಾಗಕ್ಕೆಲ್ಲ.’

ಅಜ್ಜಿಯ ಮಾತನ್ನು ಹೇಳಿದೆ. ಅವರು ಬರೆದುಕೊಳ್ಳಲಿಲ್ಲ. ಕಾಂತಿ ಮಾತ್ರ ಗಟ್ಟಿಯಾಗಿ, ‘ಅದು ಪಾಠ ಸಾರ್, ಕೆಂಪು ಗೆರೆ ನನ್ನ ತಪ್ಪುಗಳು, ಯುನಿವರ್ಸಿಟಿಯಲ್ಲಿ ಕೇಳಿ’ ಎಂದಳು. ಅಧಿಕಾರಿ ಅವಳನ್ನೇ ನೋಡಿದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರು ಹೇಳಿದ್ದು ಇಷ್ಟು: ‘ಹಾಗಂತ ಅವರಿಂದ ಒಂದು ಕಾಗದ ತಗೊಂಡು ಬಾಮ್ಮ. ಒಂದು ಸಾಲು ಸಾಕು. ಮುಗಿಸಿಬಿಡೋಣ. ಅಲ್ಲೀವರೆಗೂ ಕರೆದಾಗೆಲ್ಲ ಬರ್ಬೇಕು.’

ಒಂದು ಸಾಲು. ಅದಕ್ಕಾಗಿ ಕಾಂತಿ ಬಂಟ್ವಾಳಕ್ಕೆ ಹೋಗಿ ಬಸ್ಸು ಬದಲಿಸಿ, ಘಟ್ಟ ಹತ್ತಿ ನಿಮ್ಮ ಕಚೇರಿಯ ಕಿಟಕಿಯ ಮುಂದೆ ಎರಡು ಸಲ ನಿಂತಳು. ಮೊದಲ ಸಲ, ವಿಭಾಗವೇ ಇಲ್ಲ, ಯಾರನ್ನು ಕೇಳುವುದು ಎಂದು ಕಿಟಕಿಯವರು ಹೇಳಿದರು. ಎರಡನೆಯ ಸಲ ಅರ್ಜಿ ತೆಗೆದುಕೊಂಡರು. ‘ನಮ್ಮ ಟೀಚರಿಗೆ ಬರೆದು ಕೇಳಿ’ ಎಂದು ಇವಳು ವಿಳಾಸ ಕೊಟ್ಟಳು. ಮನುಷ್ಯನ ಕೈ ಮೂರು ಬೆರಳಲ್ಲಿ ಬರೆಯಬಹುದಾದ ಸಾಲಿಗೆ ನೀವು ಒಂದು ಕಡತ ತೆರೆದಿರಿ. ನಿಮ್ಮಲ್ಲಿ ಯಾವ ದೇಶದ ಭಾಷೆ ಕಲಿಸಿದರೂ ಕೊನೆಗೆ ಮಾತಾಡುವುದು ಈ ಒಂದನ್ನೇ, ಕಡತದ ಭಾಷೆ. ಅದನ್ನು ಕಲಿಸುವ ಡಿಪ್ಲೊಮಾ ಒಂದು ಇಟ್ಟಿದ್ದರೆ ನನ್ನ ಮಗಳು ಅದನ್ನೇ ಮೊದಲು ಕಲಿಯುತ್ತಿದ್ದಳು.

ಜೂನಿನಲ್ಲಿ ಎರಡನೆಯ ಚೀಟಿ ಬಂತು, ಹೋಗಿ ಬಂದಳು. ಮೂರನೆಯದು ಜುಲೈ ಕೊನೆಗೆ, ಆಟಿ ತಿಂಗಳ ಮಳೆಯಲ್ಲಿ. ಬೆಳಿಗ್ಗೆ ಹತ್ತು ಗಂಟೆಗೆ ಹಾಜರಿರಬೇಕು. ನಮ್ಮಲ್ಲಿಂದ ರಸ್ತೆಗೆ ಇಳಿಯುವಲ್ಲಿ ಹೊಳೆಗೆ ಅಡ್ಡವಾಗಿ ಎರಡು ಮರದ ದಿಮ್ಮಿ ಹಾಕಿದ ಕಾಲುಸಂಕ ಉಂಟು. ಅಂದು ನೀರು ದಿಮ್ಮಿಗೆ ತಾಗುತ್ತಿತ್ತು. ನನಗೆ ಆ ದಿನ ಜ್ವರ. ಅವಳ ಅಪ್ಪ ದಡದವರೆಗೆ ಜೊತೆಗೆ ಹೋದರು.

‘ಇವತ್ತು ಬೇಡ ಮಗ. ನೀರು ಇಳಿಯಲಿ, ನಾಳೆ ಹೋಗುವ. ನಾನೂ ಬರ್ತೇನೆ.’

‘ಇವತ್ತು ಹೋಗದಿದ್ರೆ ಓಡಿಹೋದಳು ಅಂತ ಬರೀತಾರೆ ಅಪ್ಪ.’

ನಡುವಿಗೆ ಮುಟ್ಟುವಾಗ ದಿಮ್ಮಿ ಮಗುಚಿತು. ಅವರು ನೀರಿಗೆ ಹಾರಿದರು, ಸಿಕ್ಕಲಿಲ್ಲ. ಮೊದಲು ಸಿಕ್ಕಿದ್ದು ಪ್ಲಾಸ್ಟಿಕ್ ಚೀಲ, ಅದರೊಳಗೆ ಪ್ರವೇಶ ರಶೀದಿ, ಪಠ್ಯಕ್ರಮದ ಹಾಳೆ, ನಿಮಗೆ ಕೊಟ್ಟ ಅರ್ಜಿಯ ಪ್ರತಿ. ಎಲ್ಲವೂ ಒಣಗಿಯೇ ಇದ್ದವು. ಅವಳು ಸಿಕ್ಕಿದ್ದು ಎರಡು ದಿನ ಬಿಟ್ಟು. ಆ ಎರಡು ದಿನದ ನಡುವೆ ಆ ಜೀಪು ಮತ್ತೆ ಬಂತು. ಹೊಳೆ ಹುಡುಕುವವರ ಹತ್ತಿರ ನಿಂತು, ‘ನೀರಿಗೆ ಬಿದ್ದದ್ದನ್ನು ನೋಡಿದ್ದು ಅಪ್ಪ ಒಬ್ಬನೇನಾ?’ ಎಂದು ಕೇಳಿದರು. ತಲೆಮರೆಸಿಕೊಂಡಿದ್ದಾಳೆ ಎಂದು ಆಗಲೇ ಬರೆದೂ ಆಗಿತ್ತಂತೆ. ಅವಳು ಹೇಳಿದ ಹಾಗೆಯೇ.

ಹನ್ನೊಂದನೆಯ ದಿನ ನಿಮ್ಮ ಉತ್ತರ ಬಂತು. ‘ಸದರಿ ವಿಷಯಕ್ಕೆ ಸಂಬಂಧಿಸಿದ ಪಾಠವು ದಾಖಲೆಗಳಲ್ಲಿ ಕಂಡುಬಂದಿರುವುದಿಲ್ಲ. ಪರಿಶೀಲನೆಯಲ್ಲಿದೆ.’ ಕೆಳಗೆ ನಿಮ್ಮ ಹೆಸರು. ಎರಡು ಸಾಲು. ಬೇಕಾದದ್ದು ಒಂದು. ಆ ಸಂಜೆ ಡೈರಿಯಲ್ಲಿ ಮೊದಲ ಸಲ ‘ಕಾಂತಿ’ ಎಂದು ಬರೆದೆ. ಇನ್ನು ಬರೆಯಬಹುದಿತ್ತು.

ಇದನ್ನೆಲ್ಲ ನಾನು ಎದೆಯಲ್ಲೇ ಇಟ್ಟುಕೊಂಡು ಸಾಯುತ್ತಿದ್ದೆನೋ ಏನೋ. ಆದರೆ ಕಳೆದ ಭಾನುವಾರ ನಫೀಸಮ್ಮ ಬಂದಳು. ನಾವಿಬ್ಬರೂ ಇಪ್ಪತ್ತು ವರ್ಷ ಒಟ್ಟಿಗೆ ಬೀಡಿ ಕೊಡಲು ಹೋದವರು. ಮಗ ಶಾಫಿ ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿ ಅಂಗಡಿ ಹಾಕಿದ ಮೇಲೆ ಅವಳು ಅಲ್ಲಿಗೆ ಹೋದಳು. ಜೊತೆಗೆ ಮೊಮ್ಮಗಳು ಶಹಲಾ. ಈ ವರ್ಷ ಪಿಯುಸಿ ಮುಗಿಸಿದ ಹುಡುಗಿ. ಕೈಯಲ್ಲಿ ನಿಮ್ಮ ಹೊಸ ಕೇಂದ್ರದ ಅರ್ಜಿ.

‘ಸೇಸಕ್ಕ, ಇವಳಿಗೆ ನೀನಾದರೂ ಬುದ್ಧಿ ಹೇಳು’ ಎಂದಳು ನಫೀಸಮ್ಮ. ‘ನಿನ್ನ ಮಗಳ ಹೆಸರು ಕಾಂತಿ. ಅವಳಿಗೇ ಹಾಗಾಯಿತು. ಇವಳ ಹೆಸರು ಶಹಲಾ, ಕಲಿಯುವುದು ಅರಬಿ. ಮತ್ತೆ ಕೇಳಬೇಕಾ?’

‘ನಾನು ಸಣ್ಣದಿರುವಾಗಿಂದ ಕುರಾನ್ ಓದ್ತಾ ಇದ್ದೇನೆ ದೊಡ್ಡಮ್ಮ, ಒಂದಕ್ಷರ ತಪ್ಪದೆ’ ಎಂದಳು ಹುಡುಗಿ. ‘ಅರ್ಥ ಮಾತ್ರ ಗೊತ್ತಿಲ್ಲ. ಓದುವುದರ ಅರ್ಥ ಗೊತ್ತಾಗಬೇಕು ಅಂತ ಆಸೆ ಪಟ್ಟದ್ದಕ್ಕೆ ಉಮ್ಮಮ್ಮ ಮೂರು ದಿನದಿಂದ ಊಟ ಬಿಟ್ಟಿದ್ದಾರೆ.’

‘ಊಟ ಬಿಟ್ಟದ್ದಲ್ಲ. ಇಳಿಯುವುದಿಲ್ಲ’ ಎಂದಳು ನಫೀಸಮ್ಮ.

ಅರ್ಜಿಯನ್ನು ತೆಗೆದು ನೋಡಿದೆ. ಹನ್ನೊಂದನೆಯ ಕಾಲಂ: ‘ಈ ಭಾಷೆಯನ್ನು ಆರಿಸಿಕೊಳ್ಳಲು ಕಾರಣ.’ ಹುಡುಗಿ ಚಂದದ ಅಕ್ಷರದಲ್ಲಿ ತುಂಬಿಸಿದ್ದಳು. ಹನ್ನೆರಡನೆಯದು: ‘ಅಭ್ಯರ್ಥಿಯ ವಾಸಸ್ಥಳದ ಪೊಲೀಸ್ ಠಾಣೆ.’ ಅದು ಖಾಲಿ ಇತ್ತು. ಕಾಂತಿ ನಿಮ್ಮಲ್ಲಿ ಸೇರುವಾಗ ತುಂಬಿದ ಅರ್ಜಿಯ ಪ್ರತಿ ನನ್ನ ಹತ್ತಿರ ಉಂಟು. ಅದರಲ್ಲಿ ಹನ್ನೊಂದಕ್ಕೇ ಮುಗಿದಿತ್ತು.

ಅಂದರೆ ನೀವು ಪಾಠ ಕಲಿತಿದ್ದೀರಿ. ಮುಂದಿನ ಸಲ ಪಟ್ಟಿ ಕೇಳಿದಾಗ ಹುಡುಕುವ ತೊಂದರೆ ಬೇಡ, ಯಾರನ್ನು ಯಾವ ಠಾಣೆಗೆ ಕೊಡಬೇಕು ಎಂದು ಮಕ್ಕಳೇ ತಮ್ಮ ಕೈಯಾರೆ ಬರೆದಿಟ್ಟಿರುತ್ತಾರೆ. ಜಗತ್ತಿನ ಬಾಗಿಲಿಗೆ ಒಳ್ಳೆಯ ಚಿಲಕ. ಈ ಕಾಲಂ ಯಾಕೆ ಎಂದು ಯಾರಾದರೂ ಕೇಳಿದರೆ ಭದ್ರತೆಗೆ ಎನ್ನುತ್ತೀರಿ. ಯಾರ ಭದ್ರತೆಗೆ? ರಷ್ಯನ್ ಕಲಿತವಳಿಗೆ ಬಾರದ ಭದ್ರತೆ ಅರಬಿ ಕಲಿಯುವವಳಿಗೆ ಎಲ್ಲಿಂದ ಬರುತ್ತದೆ? ಇವಳ ಟೀಚರೂ ನಾಳೆ ಒಂದು ಪಾಠ ಕೊಡುತ್ತಾರೆ. ಇವಳೂ ಮನೆಯದ್ದೇ ಏನನ್ನೋ ಬರೆಯುತ್ತಾಳೆ. ಅದನ್ನು ಓದಲು ಬಾರದವರ ಕೈಗೆ ಅದು ಹೋದ ದಿನ ನೀವು ಆ ಒಂದು ಸಾಲು ಬರೆಯುತ್ತೀರಾ? ಶಹಲಾ ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಹೋಗು ಎನ್ನಲು ಬಾಯಿ ಬರಲಿಲ್ಲ. ಬೇಡ ಎನ್ನಲೂ ಬರಲಿಲ್ಲ, ಅದು ಕಾಂತಿಗೆ ಮಾಡುವ ದ್ರೋಹ. ‘ಹದಿನೈದು ದಿನ ಕಾಯಿ, ಅವರನ್ನೇ ಕೇಳುತ್ತೇನೆ’ ಎಂದೆ. ಅರ್ಜಿ ಕೊಡಲು ಕೊನೆಯ ದಿನ ಜೂನ್ ಮೂವತ್ತು.

ಆದ್ದರಿಂದ ಕೇಳುತ್ತಿದ್ದೇನೆ. ನಿಮ್ಮ ಕಚೇರಿಯ ಕಾಗದದಲ್ಲಿ, ಅದೇ ಸೀಲು ಹಾಕಿ, ‘ಕಾಂತಿ ಬರೆದದ್ದು ನಾವು ಕೊಟ್ಟ ಪಾಠ’ ಎಂದು ಬರೆದು ಕೊಡಿ. ಪೊಲೀಸರ ಪುಸ್ತಕದಲ್ಲಿ ಅವಳು ಈಗಲೂ ಏನಾಗಿ ಉಳಿದಿದ್ದಾಳೆ ಎಂದು ನಮಗೆ ಯಾರೂ ಹೇಳಿಲ್ಲ. ನಾಲ್ಕು ನೋಟುಬುಕ್ಕುಗಳನ್ನು ತರಿಸಿಕೊಡಿ. ನನಗೆ ಓದಲು ಬರುವುದಿಲ್ಲ, ಆದರೆ ಯಾವ ಪುಟದಲ್ಲಿ ಏನುಂಟು ಎಂದು ನನಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಮತ್ತು ಆ ಹನ್ನೆರಡನೆಯ ಕಾಲಂ ಅನ್ನು ಹೊಡೆದುಹಾಕಿ. ಜೂನ್ ಮೂವತ್ತರ ಒಳಗೆ.

ಈ ಪತ್ರದಲ್ಲಿ ನನ್ನವರ ಹೆಸರುಗಳನ್ನು ಅವರನ್ನು ಕೇಳಿಯೇ ಬರೆದಿದ್ದೇನೆ. ‘ಬರಿ, ಇನ್ನೇನು ಕಡಿಮೆಯಾಗ್ಲಿಕ್ಕೆ ಉಂಟು’ ಎಂದರು ಧರ್ಣಪ್ಪ. ನಫೀಸಮ್ಮನೂ ಹೂಂ ಎಂದಳು. ಹೆಸರಿಲ್ಲದೆ ಬರೆದರೆ ಏನಾಗುತ್ತದೆ ಎಂದು ನೋಡಿಯಾಗಿದೆ. ನಿಮ್ಮ ಹೆಸರೂ ನನಗೆ ಗೊತ್ತುಂಟು, ಅದನ್ನು ಮಾತ್ರ ಬರೆದಿಲ್ಲ. ಅಜ್ಜಿ ಹೇಳಿದ್ದು ನಿಜವೋ ಸುಳ್ಳೋ ನನಗೆ ಇನ್ನೂ ಖಾತ್ರಿ ಇಲ್ಲ. ಆ ಒಂದು ಸಾಲು ಬರೆಯುವವರೆಗಾದರೂ ನೀವು ಬದುಕಿರಬೇಕು.

ಇಂತಿ,
ನಿಮ್ಮ ಪಟ್ಟಿಯಲ್ಲಿಲ್ಲದ,
ಆ ನಾಲ್ಕು ನೋಟುಬುಕ್ಕುಗಳ ಮೂಲ ಬರಹಗಾರ್ತಿ
ಸೇಸಮ್ಮ
(ಕಾಂತಿಯ ತಾಯಿ)
ಅಳದಂಗಡಿಯಿಂದ ಮೇಲೆ, ಕೊನೆಯ ಮನೆ
ಜೂನ್ 2008